ಅಮೆರಿಕದ ಪೊಲೀಸರ ಮೇಲೆ ದೂರು: ಎಫ್‌ಬಿಐ ತನಿಖೆ ಹೇಗೆ ನಡೆಯುತ್ತದೆ?

ಪ್ರಶ್ನೆ: ನಮ್ಮ ಮಗ ನ್ಯೂಜೆರ್ಸಿಯಲ್ಲಿ ಎಚ್‌1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ರಾತ್ರಿ ಮನೆಗೆ ಮರಳುವಾಗ ಊರಿನ ಇಬ್ಬರು ಪೊಲೀಸರು ಕಾರು ನಿಲ್ಲಿಸಿ, ಅವನನ್ನು ಕೆಳಗಿಳಿಸಿ, ನೆಲಕ್ಕೆ ಕೆಡವಿದ್ದಾರೆ. ಮಣಿಕಟ್ಟಿನ ಮೂಳೆ ಮುರಿದಿದೆ. ಅವನ ಮೇಲೆ ಯಾವ ಮೊಕದ್ದಮೆಯನ್ನೂ ಹಾಕಿಲ್ಲ. ಎಫ್‌ಬಿಐಗೆ ದೂರು ಕೊಡು ಎಂದು ಗೆಳೆಯರು ಒತ್ತಾಯಿಸುತ್ತಿದ್ದಾರೆ. ಎಫ್‌ಬಿಐ ಎಂದರೆ ನಮ್ಮ ಸಿಬಿಐ ಇದ್ದಂತೆಯೇ? ಪರದೇಶದವನ ದೂರನ್ನು ಅವರು ಕೇಳುತ್ತಾರೆಯೇ? ತನಿಖೆ ಎಂದರೆ ಅಲ್ಲಿ ಏನೇನು ನಡೆಯುತ್ತದೆ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಸಿಬಿಐ ಹೋಲಿಕೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಮ್ಮವರು ಹೆಚ್ಚಾಗಿ ಎಡವುವುದು ಅಲ್ಲೇ. ನಮ್ಮಲ್ಲಿ ದಂಡಸಂಹಿತೆ ದೇಶಕ್ಕೆಲ್ಲ ಒಂದೇ. ಆದ್ದರಿಂದ ಠಾಣೆಯ ಪೊಲೀಸರು ತನಿಖೆ ಮಾಡುತ್ತಿದ್ದ ಅದೇ ಅಪರಾಧವನ್ನು ಅವರ ಕೈಯಿಂದ ಸಿಬಿಐಗೆ ವಹಿಸಬಹುದು, ಮತ್ತು ಹಾಗೆ ವಹಿಸಲು 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ 6ನೇ ಕಲಮಿನಂತೆ ರಾಜ್ಯದ ಒಪ್ಪಿಗೆ ಬೇಕು, ಇಲ್ಲವೇ ಹೈಕೋರ್ಟಿನ ಅಥವಾ ಸುಪ್ರೀಂ ಕೋರ್ಟಿನ ಆದೇಶ ಬೇಕು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಈ ಸಾಮಾನ್ಯ ಒಪ್ಪಿಗೆಯನ್ನು ಹಿಂಪಡೆದದ್ದು ನಿಮಗೆ ನೆನಪಿರಬಹುದು. ಅಮೆರಿಕದಲ್ಲಿ ವ್ಯವಸ್ಥೆಯೇ ಬೇರೆ. ಅಲ್ಲಿ ಒಂದೇ ನೆಲದ ಮೇಲೆ ರಾಜ್ಯದ್ದು ಮತ್ತು ಫೆಡರಲ್ (ಅಂದರೆ ಕೇಂದ್ರದ್ದು) ಎಂಬ ಎರಡು ಅಧಿಕಾರಗಳು, ಎರಡು ದಂಡಸಂಹಿತೆಗಳು ಜೊತೆಜೊತೆಗೆ ಇವೆ. ನಿಮ್ಮ ಮಗನ ಮಣಿಕಟ್ಟು ಮುರಿದದ್ದು ನ್ಯೂಜೆರ್ಸಿಯ ಕಾನೂನಿನ ಪ್ರಕಾರ ಹಲ್ಲೆಯಾಗಬಹುದು, ಅದನ್ನು ನೋಡಿಕೊಳ್ಳುವುದು ಅಲ್ಲಿನ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಅಥವಾ ರಾಜ್ಯದ ಪ್ರಾಸಿಕ್ಯೂಟರರ, ಅಂದರೆ ಸರ್ಕಾರಿ ಅಭಿಯೋಜಕರ ಕೆಲಸ. ಫೆಡರಲ್ ಸರ್ಕಾರದ ತನಿಖಾ ಸಂಸ್ಥೆಯಾದ ಎಫ್‌ಬಿಐ ಆ ಹಲ್ಲೆಯ ಕಡತವನ್ನು ಅವರಿಂದ ಕಿತ್ತುಕೊಳ್ಳುವುದಿಲ್ಲ, ಸ್ಥಳೀಯ ಪೊಲೀಸರ ಮೇಲಧಿಕಾರಿಯಾಗಿಯೂ ಬರುವುದಿಲ್ಲ. ಸಂವಿಧಾನ ಕೊಟ್ಟ ಹಕ್ಕೊಂದನ್ನು ಅಧಿಕಾರದಲ್ಲಿರುವವನು ಕಸಿದುಕೊಂಡನೇ ಎಂಬ ಬೇರೆಯೇ ಅಪರಾಧವನ್ನು ಅದು ತನ್ನ ಕಡತದಲ್ಲಿ ತನಿಖೆ ಮಾಡುತ್ತದೆ. ಅದಕ್ಕೆ ರಾಜ್ಯದ ಒಪ್ಪಿಗೆ ಬೇಕಿಲ್ಲ.

ಆ ಅಪರಾಧವನ್ನು ವಿವರಿಸುವ ಫೆಡರಲ್ ದಂಡಸಂಹಿತೆಯ 242ನೇ ಕಲಮಿನ ಬೇರು ಇರುವುದು ಅಂತರ್ಯುದ್ಧ ಮುಗಿದ ಮರುವರ್ಷ, ಅಂದರೆ 1866ರಲ್ಲಿ ಬಂದ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ದಕ್ಷಿಣದ ರಾಜ್ಯಗಳಲ್ಲಿ ಹೊಡೆದು ಬಡಿದು ಮತ್ತೆ ಹಳೆಯ ಸ್ಥಿತಿಗೆ ತಳ್ಳುತ್ತಿದ್ದವರಲ್ಲಿ ಶೆರಿಫರೂ (ಕೌಂಟಿಯ ಪೊಲೀಸ್ ಮುಖ್ಯಸ್ಥರು) ನ್ಯಾಯಾಧೀಶರೂ ಇದ್ದುದರಿಂದ, ಕಾಯುವವನೇ ಕೊಳ್ಳೆ ಹೊಡೆದರೆ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗೆ ವಾಷಿಂಗ್ಟನ್ ಕೊಟ್ಟ ಉತ್ತರ ಅದು. ನಾಲ್ಕು ವರ್ಷಗಳ ನಂತರ, ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಪ್ತಸಂಘ ಕು ಕ್ಲಕ್ಸ್ ಕ್ಲಾನ್ ಹಾವಳಿಯ ನಡುವೆ, ಹಕ್ಕು ಕಸಿಯಲು ಇಬ್ಬರು ಅಥವಾ ಹೆಚ್ಚು ಜನ ಸೇರಿ ಸಂಚು ಮಾಡಿದರೆ ಶಿಕ್ಷಿಸುವ ಇನ್ನೊಂದು ಕಾಯ್ದೆ ಬಂತು. ಇಂದಿನ 241ನೇ ಕಲಂ ಅದೇ. ಬಹುಕಾಲ ಎರಡೂ ಪುಸ್ತಕದಲ್ಲಿ ಮಲಗಿದ್ದವು. ನ್ಯಾಯಾಂಗ ಇಲಾಖೆಯಲ್ಲಿ ಇದಕ್ಕಾಗಿ ಒಂದು ಚಿಕ್ಕ ಘಟಕ ಹುಟ್ಟಿದ್ದು 1939ರಲ್ಲಿ, ಪೂರ್ಣ ಪ್ರಮಾಣದ ನಾಗರಿಕ ಹಕ್ಕುಗಳ ವಿಭಾಗ ಹುಟ್ಟಿದ್ದು 1957ರಲ್ಲಿ.

ಈ ಕಾನೂನಿನ ಶಕ್ತಿ ಮತ್ತು ಮಿತಿ ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಮಿಸಿಸಿಪಿಯ ನೆಶೋಬಾ ಕೌಂಟಿಯ 1964ರ ಪ್ರಕರಣಕ್ಕೆ ಹೋಗಬೇಕು. ಕಪ್ಪು ಜನರ ಮತದಾರರ ನೋಂದಣಿಗಾಗಿ ದುಡಿಯುತ್ತಿದ್ದ ಜೇಮ್ಸ್ ಚೇನಿ, ಆಂಡ್ರ್ಯೂ ಗುಡ್‌ಮನ್ ಮತ್ತು ಮೈಕೆಲ್ ಶ್ವೆರ್ನರ್ ಎಂಬ ಮೂವರು ಯುವಕರನ್ನು ಜೂನ್ 21ರಂದು ಉಪ ಶೆರಿಫನೊಬ್ಬ ಅತಿವೇಗದ ನೆಪದಲ್ಲಿ ಹಿಡಿದು ಲಾಕಪ್ಪಿಗೆ ಹಾಕಿ, ರಾತ್ರಿ ಬಿಟ್ಟು, ದಾರಿಯಲ್ಲಿ ಮತ್ತೆ ಅಡ್ಡಗಟ್ಟಿ ಕ್ಲಾನ್ ಗುಂಪಿಗೆ ಒಪ್ಪಿಸಿದ. ಎಫ್‌ಬಿಐ ಆ ಬೇಸಿಗೆಯಲ್ಲಿ ಜಾಕ್ಸನ್ ನಗರದಲ್ಲಿ ಹೊಸ ಕಚೇರಿಯನ್ನೇ ತೆರೆಯಿತು. ನಲವತ್ತನಾಲ್ಕು ದಿನಗಳ ಬಳಿಕ, ಸುಳಿವೊಂದನ್ನು ಹಿಡಿದು ಮಣ್ಣಿನ ಏರಿಯೊಂದನ್ನು ಅಗೆಸಿದಾಗ ಮೂರು ಶವಗಳು ಸಿಕ್ಕವು. ಕೊಲೆ ರಾಜ್ಯದ ಕಾನೂನಿನ ವಿಷಯ, ಮಿಸಿಸಿಪಿ ಆಗ ಯಾರ ಮೇಲೂ ಕೊಲೆ ಆರೋಪ ಹೊರಿಸಲಿಲ್ಲ. ಫೆಡರಲ್ ಸರ್ಕಾರದ ಕೈಯಲ್ಲಿದ್ದದ್ದು ಹಕ್ಕು ಕಸಿದದ್ದಕ್ಕೂ ಅದರ ಸಂಚಿಗೂ ಶಿಕ್ಷಿಸುವ ಈ ಕಲಂಗಳು ಮಾತ್ರ. ಕೆಳಗಿನ ನ್ಯಾಯಾಲಯ ಆರೋಪಗಳಲ್ಲಿ ಹೆಚ್ಚಿನವನ್ನು ತಳ್ಳಿಹಾಕಿತು, 1966ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ಮರಳಿ ನಿಲ್ಲಿಸಿತು. ಅಧಿಕಾರಿಯ ಜೊತೆ ಕೈಜೋಡಿಸಿದ ಖಾಸಗಿ ವ್ಯಕ್ತಿಯೂ ಅಧಿಕಾರದ ಸೋಗಿನಲ್ಲೇ (ಅಂದರೆ ಸರ್ಕಾರಿ ಅಧಿಕಾರದ ಬಲದಿಂದಲೇ) ನಡೆದುಕೊಂಡಂತೆ ಎಂಬ ಮುಖ್ಯವಾದ ಮಾತು ಆ ತೀರ್ಪಿನಲ್ಲಿದೆ. 1967ರ ಅಕ್ಟೋಬರಿನಲ್ಲಿ ಆ ಉಪ ಶೆರಿಫನೂ ಸೇರಿ ಏಳು ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಮೂರು ಜೀವಗಳಿಗೆ ಸಿಕ್ಕ ಅತಿ ಹೆಚ್ಚಿನ ಶಿಕ್ಷೆ ಹತ್ತು ವರ್ಷ. ರಾಜ್ಯದ ನ್ಯಾಯಾಲಯದಲ್ಲಿ ಇದೇ ಘಟನೆಗೆ ಒಬ್ಬನಿಗಾದರೂ ಶಿಕ್ಷೆಯಾಗಬೇಕಾದರೆ 2005 ಬರಬೇಕಾಯಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮಿಸಿಸಿಪಿಯಲ್ಲಿ ಏರಿ ಅಗೆಸಿದ ಅದೇ ಸಂಸ್ಥೆ, ಅದೇ ವರ್ಷಗಳಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಹೋಟೆಲ್ ಕೋಣೆಗಳಿಗೆ ಕದ್ದಾಲಿಕೆ ಯಂತ್ರ ಇಡಿಸುತ್ತಿತ್ತು. ಎಫ್‌ಬಿಐ ಎಂದರೆ ದೇವರ ಗುಡಿ ಎಂದುಕೊಂಡು ಹೋಗುವವರಿಗೂ, ಅಲ್ಲಿ ಹೋದರೆ ಏನೂ ಆಗುವುದಿಲ್ಲ ಎಂದು ಕೈಚೆಲ್ಲುವವರಿಗೂ ಈ ಸಂಗತಿ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಈಗ ನಿಮ್ಮ ಮಗನಿಗೆ ಸಂಬಂಧಿಸಿದ 242ನೇ ಕಲಮಿಗೆ ಬರೋಣ. ಅದು ನಾಗರಿಕರನ್ನಷ್ಟೇ ಕಾಯುವ ಕಾನೂನಲ್ಲ. ದೇಶದ ಯಾವುದೇ ರಾಜ್ಯದಲ್ಲಿರುವ ಯಾವುದೇ ವ್ಯಕ್ತಿ ಎಂದೇ ಅದರ ಭಾಷೆ ಇದೆ. ಪರದೇಶದವನೆಂಬ ಕಾರಣಕ್ಕೆ ಹೆಚ್ಚಿನ ಶಿಕ್ಷೆಗೆ ಗುರಿಪಡಿಸುವುದನ್ನೂ ಅದು ಹೆಸರಿಟ್ಟು ಹೇಳುತ್ತದೆ. ಹಾಗಾಗಿ ವೀಸಾದ ಮೇಲಿರುವವನ ದೂರು ಎಂಬ ಕಾರಣಕ್ಕೆ ಅದನ್ನು ಬದಿಗಿಡುವಂತಿಲ್ಲ. ಅಧಿಕಾರದ ಸೋಗಿನಲ್ಲಿ ನಡೆದ ಕೃತ್ಯವೇ ಎಂಬುದು ನಿಮ್ಮ ಪ್ರಕರಣದಲ್ಲಿ ತಕರಾರಿನ ವಿಷಯವಾಗಲಾರದು, ಸಮವಸ್ತ್ರದಲ್ಲಿ ಕರ್ತವ್ಯದ ಮೇಲಿದ್ದವರೇ ತಡೆದದ್ದು. ಹಕ್ಕು ಭಂಗವಾಯಿತೇ ಎಂಬುದಕ್ಕೂ ಅಳತೆಗೋಲಿದೆ. ಅನ್ಯಾಯದ ಬಲಪ್ರಯೋಗಕ್ಕೆ ಒಳಗಾಗದಿರುವ ಹಕ್ಕನ್ನು ಸಂವಿಧಾನದ ನಾಲ್ಕನೇ ತಿದ್ದುಪಡಿ ಕೊಡುತ್ತದೆ, ಮತ್ತು ಬಳಸಿದ ಬಲ ಆ ಸ್ಥಳದಲ್ಲಿ, ಆ ಕ್ಷಣದಲ್ಲಿ ವಿವೇಕವುಳ್ಳ ಪೊಲೀಸನೊಬ್ಬನಿಗೆ ಸರಿಯೆನಿಸುವಷ್ಟೇ ಇತ್ತೇ ಎಂದು ನೋಡಬೇಕೆಂದು 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಜವಾದ ಗೋಡೆ ಎದುರಾಗುವುದು ಇನ್ನೊಂದು ಪದದಲ್ಲಿ: ಉದ್ದೇಶಪೂರ್ವಕವಾಗಿ. ಪೊಲೀಸನು ಅಗತ್ಯಕ್ಕಿಂತ ಹೆಚ್ಚು ಬಲ ಬಳಸಿದ ಎಂದು ತೋರಿಸಿದರೆ ಸಾಲದು, ತಾನು ಮಾಡುತ್ತಿರುವುದು ಕಾನೂನು ಒಪ್ಪದ ಕೆಲಸ ಎಂದು ಗೊತ್ತಿದ್ದೂ ಮಾಡಿದ ಎಂದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಬೇಕು. ಗಾಬರಿ, ದುಡುಕು, ಅಜಾಗರೂಕತೆ, ಕೆಟ್ಟ ತರಬೇತಿ, ಇವು ಯಾವುವೂ ಈ ಕಲಮಿನಡಿ ಅಪರಾಧವಲ್ಲ.

ಈ ಗೋಡೆಯನ್ನು ಕಟ್ಟಿದ್ದು 1945ರ ಸ್ಕ್ರೂಸ್ ಪ್ರಕರಣದ ತೀರ್ಪು. ಜಾರ್ಜಿಯದ ಶೆರಿಫ್ ಕ್ಲಾಡ್ ಸ್ಕ್ರೂಸ್ ಮತ್ತವನ ಸಂಗಡಿಗರು ರಾಬರ್ಟ್ ಹಾಲ್ ಎಂಬ ಕಪ್ಪು ಯುವಕನನ್ನು ಬೇಡಿ ಹಾಕಿದ ಸ್ಥಿತಿಯಲ್ಲೇ ನ್ಯಾಯಾಲಯದ ಅಂಗಳದಲ್ಲಿ ಬಡಿದು ಕೊಂದಿದ್ದರು. ಜ್ಯೂರಿ (ತಪ್ಪಿತಸ್ಥರೇ ಎಂದು ತೀರ್ಮಾನಿಸುವ ಸಾಮಾನ್ಯ ಜನರ ಮಂಡಳಿ) ಅವರನ್ನು ತಪ್ಪಿತಸ್ಥರೆಂದಿತು, ಸುಪ್ರೀಂ ಕೋರ್ಟ್ ಉದ್ದೇಶದ ಪ್ರಶ್ನೆಯನ್ನು ಜ್ಯೂರಿಗೆ ಸರಿಯಾಗಿ ವಿವರಿಸಿಲ್ಲವೆಂದು ಮರುವಿಚಾರಣೆಗೆ ಕಳಿಸಿತು, ಮರುವಿಚಾರಣೆಯಲ್ಲಿ ಶೆರಿಫ್ ಬಿಡುಗಡೆಯಾದ. ಮುಂದೆ ಅವನು ರಾಜ್ಯದ ಸೆನೆಟಿಗೂ ಆಯ್ಕೆಯಾದ.

ಹಳೆಯ ಕಾಲದ ಕಥೆ ಎನ್ನಬೇಡಿ. 2015ರ ಫೆಬ್ರವರಿ 6ರಂದು ಅಲಬಾಮದ ಮ್ಯಾಡಿಸನ್ ಊರಿನಲ್ಲಿ ನಡೆದದ್ದನ್ನು ನಮ್ಮ ಟಿವಿಗಳಲ್ಲೂ ತೋರಿಸಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲೆಂದು ಗುಜರಾತಿನಿಂದ ಆಗಷ್ಟೇ ಬಂದಿದ್ದ 57 ವರ್ಷದ ಹಿರಿಯರೊಬ್ಬರು ಬೆಳಗಿನ ಹೊತ್ತು ಮಗನ ಮನೆಯ ಬೀದಿಯಲ್ಲಿ ಅಡ್ಡಾಡುತ್ತಿದ್ದರು. ಗುರುತಿಲ್ಲದ ಕಪ್ಪು ಮನುಷ್ಯನೊಬ್ಬ ಮನೆಗಳತ್ತ ನೋಡುತ್ತಾ ತಿರುಗುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು ಕೇಳಿದ್ದಕ್ಕೆ ಹಿರಿಯರು ಹೇಳಲು ಬಂದದ್ದು ಎರಡೇ ಮಾತು, ಇಂಡಿಯಾ ಮತ್ತು ನೋ ಇಂಗ್ಲಿಷ್. ಪೊಲೀಸರ ಕಾರಿನದೇ ಕ್ಯಾಮೆರಾದಲ್ಲಿ ಮುಂದಿನದೆಲ್ಲ ದಾಖಲಾಗಿದೆ: ಕೈಗಳನ್ನು ಹಿಂದಕ್ಕೆ ಹಿಡಿದು ನಿಲ್ಲಿಸಿಕೊಂಡಿದ್ದ ಅಧಿಕಾರಿ ಕಾಲು ತಪ್ಪಿಸಿ ಕೆಡವುತ್ತಾನೆ, ತಡೆಯಲು ಕೈ ಬಿಡುವಿಲ್ಲದ ಮನುಷ್ಯ ಮುಖ ಅಡಿಯಾಗಿ ಬೀಳುತ್ತಾರೆ, ಆಮೇಲೆ ಎಬ್ಬಿಸಿ ನಿಲ್ಲಿಸಲು ಹೋದರೆ ಕಾಲುಗಳು ನಿಲ್ಲುವುದಿಲ್ಲ. ಕುತ್ತಿಗೆಯ ಬಳಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಎಫ್‌ಬಿಐ ತನಿಖೆ ಬೇಗನೆ ನಡೆದು ಮಾರ್ಚಿನಲ್ಲೇ 242ನೇ ಕಲಮಿನಡಿ ದೋಷಾರೋಪವೂ ಆಯಿತು. ವಿಡಿಯೋ ಇತ್ತು, ಗಾಯ ಇತ್ತು, ಸಾಕ್ಷಿಗಳಿದ್ದರು. ಆದರೂ ಒಂದೇ ವರ್ಷದಲ್ಲಿ ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಾಗದೆ ಕೈಚೆಲ್ಲಿತು, 2016ರ ಜನವರಿಯಲ್ಲಿ ನ್ಯಾಯಾಧೀಶರೇ ಸಾಕ್ಷ್ಯ ಸಾಲದೆಂದು ಅಧಿಕಾರಿಯನ್ನು ಖುಲಾಸೆ ಮಾಡಿದರು. ಹಿರಿಯರು ಕೈ ಎಳೆದುಕೊಳ್ಳುತ್ತಿದ್ದರು ಎಂಬುದು ಅಧಿಕಾರಿಯ ವಾದವಾಗಿತ್ತು. ನಾನು ಆ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದೇನೆ. ನನಗೆ ಕಾಣುವುದು ಭಾಷೆ ಬಾರದ ಮನುಷ್ಯನೊಬ್ಬ ಕತ್ತು ತಿರುಗಿಸಿ ಏನಾಗುತ್ತಿದೆ ಎಂದು ನೋಡಲು ಯತ್ನಿಸುವುದು ಮಾತ್ರ. ಆದರೆ ಅಧಿಕಾರಿಯ ತಲೆಯೊಳಗೆ ಏನಿತ್ತು ಎಂಬುದನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ.

ನಾಗರಿಕ ಹಕ್ಕುಗಳ ತನಿಖೆಯ ಪೂರಾ ವಿಧಾನ ರೂಪುಗೊಂಡಿರುವುದು ಆ ತಲೆಯೊಳಗಿನದಕ್ಕೆ ಹೊರಗೆ ಪುರಾವೆ ಹುಡುಕಲೆಂದೇ. ದೂರು ಫೋನಿನಲ್ಲಿ, ಜಾಲತಾಣದಲ್ಲಿ ಅಥವಾ ಹತ್ತಿರದ ಎಫ್‌ಬಿಐ ಕಚೇರಿಯಲ್ಲಿ ದಾಖಲಾಗುತ್ತದೆ. ಎಷ್ಟೋ ಸಲ ದೂರೇ ಇಲ್ಲದೆ ಪತ್ರಿಕೆಯ ಸುದ್ದಿಯಿಂದಲೂ ಕಡತ ತೆರೆಯುತ್ತದೆ. ಮೊದಲು ದೂರಿನಲ್ಲಿರುವುದು ನಿಜವೆಂದೇ ಇಟ್ಟುಕೊಂಡರೂ ಫೆಡರಲ್ ಅಪರಾಧವಾಗುತ್ತದೆಯೇ ಎಂದು ನೋಡುತ್ತಾರೆ. ಆಗುತ್ತದೆ ಎನಿಸಿದರೆ ಏಜೆಂಟರು ಇಬ್ಬರಾಗಿ ಬರುತ್ತಾರೆ. ಸಾಮಾನ್ಯವಾಗಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ, ಆ ಟಿಪ್ಪಣಿ ಕೆಲವೇ ದಿನಗಳಲ್ಲಿ 302 ಎಂಬ ನಮೂನೆಯ ವರದಿಯಾಗುತ್ತದೆ. ಅವರು ಕೇಳುವ ಪ್ರಶ್ನೆಗಳು ನಮ್ಮವರಿಗೆ ವಿಚಿತ್ರವೆನಿಸಬಹುದು. ಎಷ್ಟು ಜೋರಾಗಿ ಹೊಡೆದರು ಎಂಬುದಕ್ಕಿಂತ, ಹೊಡೆಯುವ ಮುನ್ನ ಏನೆಂದರು, ಹೊಡೆದ ನಂತರ ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು, ನಕ್ಕರೇ, ಕ್ಯಾಮೆರಾ ಮುಟ್ಟಿದರೇ, ಇನ್ನೊಬ್ಬ ಪೊಲೀಸ್ ತಡೆಯಲು ನೋಡಿದನೇ ಎಂದು ತಿರುಗಿ ತಿರುಗಿ ಕೇಳುತ್ತಾರೆ.

ನಂತರದ ಹೆಜ್ಜೆ ಇಲಾಖೆಯ ಒಳಕ್ಕೆ. ಆ ಪೊಲೀಸನಿಗೆ ಅಕಾಡೆಮಿಯಲ್ಲಿ ಏನು ಕಲಿಸಿದ್ದರು, ಬಲಪ್ರಯೋಗದ ನಿಯಮಾವಳಿಗೆ ಅವನು ಯಾವಾಗ ಸಹಿ ಮಾಡಿದ್ದಾನೆ, ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದಿತ್ತು ಎಂಬ ಕಾಗದಗಳು ಬರುತ್ತವೆ. ತರಬೇತುದಾರನೇ ಸಾಕ್ಷಿಕಟ್ಟೆಗೆ ಬಂದು, ಬೇಡಿ ಹಾಕಿದವನನ್ನು ಹೀಗೆ ಕೆಡವಬಾರದೆಂದು ನಾನೇ ಇವನಿಗೆ ಹೇಳಿಕೊಟ್ಟಿದ್ದೆ ಎಂದರೆ, ಗೊತ್ತಿದ್ದೂ ಮಾಡಿದ ಎಂಬ ಮಾತಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಇನ್ನೊಂದು ಪುರಾವೆಯನ್ನು ಪೊಲೀಸರು ತಾವೇ ತಯಾರಿಸಿಕೊಡುತ್ತಾರೆ: ಅದು ಅವರ ವರದಿ. ವಿಡಿಯೋದಲ್ಲಿ ಒಂದು, ವರದಿಯಲ್ಲಿ ಇನ್ನೊಂದು ಇದ್ದರೆ, ಸುಳ್ಳು ಬರೆಯುವ ಅಗತ್ಯವೇನಿತ್ತು ಎಂಬ ಪ್ರಶ್ನೆ ಜ್ಯೂರಿಯ ಮುಂದೆ ಏಳುತ್ತದೆ. ಅಲ್ಲದೆ ಫೆಡರಲ್ ತನಿಖೆಗೆ ಅಡ್ಡಿಯಾಗಲೆಂದು ದಾಖಲೆ ತಿದ್ದುವುದು ತಾನೇ ಬೇರೆ ಅಪರಾಧ, ಇಪ್ಪತ್ತು ವರ್ಷಗಳವರೆಗೆ ಸೆರೆವಾಸ. ಸಾವು ಸಂಭವಿಸದ, ಮೈಗೆ ಗಾಯವಷ್ಟೇ ಆದ 242ರ ಪ್ರಕರಣಕ್ಕೆ ಗರಿಷ್ಠ ಹತ್ತೇ ವರ್ಷ. ಹೊಡೆತವನ್ನು ಸಾಬೀತುಪಡಿಸಲಾಗದೆ ಸುಳ್ಳು ವರದಿಗೆ ಸಿಕ್ಕಿಬಿದ್ದವರಿದ್ದಾರೆ.

ಒಳಾಂಗಣದ ಸೂಕ್ಷ್ಮವೊಂದಿದೆ, ಹೊರಗಿನವರಿಗೆ ಹೆಚ್ಚು ತಿಳಿದಿಲ್ಲ. ಪೊಲೀಸ್ ಇಲಾಖೆ ತನ್ನ ಶಿಸ್ತು ವಿಚಾರಣೆಯಲ್ಲಿ, ಹೇಳಿಕೆ ಕೊಡದಿದ್ದರೆ ಕೆಲಸ ಹೋಗುತ್ತದೆ ಎಂದು ಬೆದರಿಸಿ ಪಡೆದ ಮಾತನ್ನು ಕ್ರಿಮಿನಲ್ ಪ್ರಕರಣದಲ್ಲಿ ಬಳಸುವಂತಿಲ್ಲವೆಂದು 1967ರ ಗ್ಯಾರಿಟಿ ತೀರ್ಪು ಹೇಳಿದೆ. ಆ ಪ್ರಕರಣ ಹುಟ್ಟಿದ್ದು ನಿಮ್ಮ ಮಗನಿರುವ ನ್ಯೂಜೆರ್ಸಿಯಲ್ಲೇ. ಆದ್ದರಿಂದ ಫೆಡರಲ್ ತನಿಖೆಯಲ್ಲಿ ಬೇರೆಯೇ ಒಂದು ತಂಡ ಇಲಾಖೆಯ ಕಡತಗಳನ್ನು ಮೊದಲು ಜರಡಿ ಹಿಡಿದು, ಒತ್ತಾಯದ ಹೇಳಿಕೆಗಳನ್ನು ತೆಗೆದು, ಉಳಿದದ್ದನ್ನು ಮಾತ್ರ ಏಜೆಂಟರಿಗೂ ಪ್ರಾಸಿಕ್ಯೂಟರರಿಗೂ ಕೊಡುತ್ತದೆ. ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ ಎಂದು ಮನೆಯವರು ಕೊರಗುವ ಕಾಲದಲ್ಲಿ ಒಳಗೆ ನಡೆಯುತ್ತಿರುವುದು ಅನೇಕ ವೇಳೆ ಇದೇ ಕೆಲಸ. ಕೊನೆಗೆ ಆರೋಪ ಹೊರಿಸಬೇಕೇ ಎಂದು ನಿರ್ಧರಿಸುವವರು ಎಫ್‌ಬಿಐಯವರಲ್ಲ. ಸ್ಥಳೀಯ ಅಮೆರಿಕ ಅಟಾರ್ನಿ ಕಚೇರಿಯ ಮತ್ತು ವಾಷಿಂಗ್ಟನ್ನಿನ ನಾಗರಿಕ ಹಕ್ಕುಗಳ ವಿಭಾಗದ ಪ್ರಾಸಿಕ್ಯೂಟರರು. ಅವರು ಒಪ್ಪಿದರೆ ವಿಷಯ ಗ್ರ್ಯಾಂಡ್ ಜ್ಯೂರಿಯ ಮುಂದೆ ಹೋಗುತ್ತದೆ. ಅಲ್ಲಿ 16ರಿಂದ 23 ಮಂದಿ ಸಾಮಾನ್ಯ ಜನ ಮುಚ್ಚಿದ ಬಾಗಿಲ ಹಿಂದೆ ಸಾಕ್ಷ್ಯ ಕೇಳುತ್ತಾರೆ, ಕನಿಷ್ಠ 12 ಮಂದಿ ಒಪ್ಪಿದರೆ ದೋಷಾರೋಪ.

ನಿಮ್ಮ ಮಗನ ಜನಾಂಗ ಅಥವಾ ಧರ್ಮದ ಕಾರಣಕ್ಕೆ ಹೀಗಾಯಿತೇ ಎಂಬುದನ್ನು 242ನೇ ಕಲಮಿನಡಿ ಸಾಬೀತುಪಡಿಸಬೇಕಿಲ್ಲ. ಆ ಪ್ರಶ್ನೆ ಏಳುವುದು 2009ರ ದ್ವೇಷಾಪರಾಧ ಕಾಯ್ದೆಯಲ್ಲಿ, ಅಲ್ಲಿ ಆರೋಪಿ ಪೊಲೀಸನೇ ಆಗಿರಬೇಕಿಲ್ಲ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ರಾಜ್ಯದ ಒಲೇಥದ ಬಾರಿನಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಒಬ್ಬರನ್ನು ಕೊಂದು, ಅವರ ಗೆಳೆಯನನ್ನೂ ತಡೆಯಲು ಹೋದ ಸ್ಥಳೀಯನೊಬ್ಬನನ್ನೂ ಗಾಯಗೊಳಿಸಿದವನು, ನನ್ನ ದೇಶ ಬಿಟ್ಟು ತೊಲಗಿ ಎಂದು ಕಿರುಚಿದ್ದ. ರಾಜ್ಯದ ಗಡಿ ದಾಟಿ ಇನ್ನೊಂದು ಊರಿನ ಬಾರಿಗೆ ಹೋಗಿ, ಇಬ್ಬರು ಇರಾನಿಗಳನ್ನು ಹೊಡೆದು ಬಂದಿದ್ದೇನೆ ಎಂದೂ ಹೇಳಿದ್ದ. ಅವರು ಇರಾನಿಗಳಲ್ಲವಲ್ಲ ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ, ಏಕೆಂದರೆ ಬಲಿಯಾದವನ ಮೂಲ ಯಾವುದು ಎಂಬುದರಷ್ಟೇ, ಕೊಂದವನು ಯಾವುದೆಂದು ಭಾವಿಸಿದ್ದ ಎಂಬುದೂ ಕಾಯ್ದೆಗೆ ಸಾಕು. ಅಲ್ಲಿ ಮನಸ್ಸು ಬಾಯಿಯಿಂದಲೇ ಹೊರಬಿದ್ದಿತ್ತು, ಪ್ರಾಸಿಕ್ಯೂಟರರ ಕೆಲಸ ಹಗುರವಾಯಿತು. ರಾಜ್ಯದ ನ್ಯಾಯಾಲಯದಲ್ಲೂ ಫೆಡರಲ್ ನ್ಯಾಯಾಲಯದಲ್ಲೂ ಅವನು ತಪ್ಪೊಪ್ಪಿಕೊಂಡು 2018ರಲ್ಲಿ ಎರಡೂ ಕಡೆ ಜೀವಾವಧಿ ಪಡೆದ.

ಒಂದೇ ಕೃತ್ಯಕ್ಕೆ ಎರಡು ಶಿಕ್ಷೆಯೇ ಎಂದು ನಮ್ಮ ಸಂವಿಧಾನದ 20ನೇ ವಿಧಿ ಓದಿದವರು ಕೇಳುತ್ತಾರೆ. ಎರಡು ಸಾರ್ವಭೌಮ ಅಧಿಕಾರಗಳ ಎರಡು ಕಾನೂನುಗಳನ್ನು ಮುರಿದದ್ದರಿಂದ ಅವು ಎರಡು ಅಪರಾಧಗಳು ಎಂಬುದು ಅಲ್ಲಿನ ಹಳೆಯ ಸಿದ್ಧಾಂತ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿದಿದೆ. ಲಾಸ್ ಏಂಜಲೀಸಿನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಬಡಿದ ಪೊಲೀಸರನ್ನು 1992ರಲ್ಲಿ ರಾಜ್ಯದ ಜ್ಯೂರಿ ಬಿಟ್ಟು ಊರು ಹೊತ್ತಿ ಉರಿದ ಮೇಲೆ, ಮರುವರ್ಷ ಇಬ್ಬರಿಗೆ ಫೆಡರಲ್ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು ಈ ದಾರಿಯಲ್ಲೇ. ಮಿನಿಯಾಪೊಲಿಸಿನಲ್ಲಿ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಮೊಣಕಾಲೂರಿದ ಅಧಿಕಾರಿಗೆ ರಾಜ್ಯದ ಕೊಲೆ ಶಿಕ್ಷೆಯ ಜೊತೆಗೆ ಫೆಡರಲ್ ನ್ಯಾಯಾಲಯ 21 ವರ್ಷ ವಿಧಿಸಿತು. ಪಕ್ಕದಲ್ಲಿದ್ದ ಉಳಿದ ಮೂವರು ಪೊಲೀಸರೂ 2022ರಲ್ಲಿ ತಪ್ಪಿತಸ್ಥರಾದರು. ನಿಮ್ಮ ಮಗನನ್ನು ಒಬ್ಬ ಕೆಡವಿ ಇನ್ನೊಬ್ಬ ನೋಡುತ್ತಾ ನಿಂತಿದ್ದರೆ, ಆ ಎರಡನೆಯವನ ಪಾತ್ರವನ್ನೂ ದೂರಿನಲ್ಲಿ ಬರೆಯಬೇಕು.

ಇಡೀ ಪೊಲೀಸ್ ಇಲಾಖೆಯೇ ಹಾಳಾಗಿದ್ದರೆ ಅದನ್ನು ಸಿವಿಲ್ ದಾವೆಯ ಮೂಲಕ ಸರಿಪಡಿಸುವ 1994ರ ಇನ್ನೊಂದು ಕಾಯ್ದೆ ಇದೆ. ಅದು ಒಬ್ಬನ ದೂರಿಗೆ ಪರಿಹಾರವಲ್ಲ, ಆಡಳಿತದ ಗಾಳಿ ಬೀಸಿದತ್ತ ವಾಲುವಂಥದ್ದು. 2025ರ ಮೇ ತಿಂಗಳಲ್ಲಿ ನ್ಯಾಯಾಂಗ ಇಲಾಖೆ ಮಿನಿಯಾಪೊಲಿಸ್ ಮತ್ತು ಲೂಯಿವಿಲ್ ಪೊಲೀಸರ ವಿರುದ್ಧದ ಅಂಥ ದಾವೆಗಳಿಂದ ತಾನೇ ಹಿಂದೆ ಸರಿಯಿತು. ನಾಗರಿಕ ಹಕ್ಕುಗಳ ವಿಭಾಗದ ಅನೇಕ ಅನುಭವಿ ವಕೀಲರು ಅದೇ ವರ್ಷ ಕೆಲಸ ಬಿಟ್ಟರು. ಕಲಂ ಅದೇ ಇದ್ದರೂ ಅದನ್ನು ಹಿಡಿದು ನಡೆಸುವ ಕೈಗಳು ಕಡಿಮೆಯಾಗಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಿಮ್ಮ ಮಗ ಹೆಜ್ಜೆ ಇಡಬೇಕು.

ದೂರು ಕೊಡಲಿ ಎಂಬುದೇ ನನ್ನ ಸಲಹೆ, ಆದರೆ ಅದೊಂದನ್ನೇ ನಂಬಿ ಕೂರುವುದು ಬೇಡ. 242ರಡಿ ಆರೋಪ ಹೊರಿಸಲು ಸರ್ಕಾರಕ್ಕೆ ಐದು ವರ್ಷ ಕಾಲವಿದೆ, ಆದರೆ ಪರಿಹಾರಕ್ಕಾಗಿ ನಿಮ್ಮ ಮಗ ತಾನೇ ಫೆಡರಲ್ ನ್ಯಾಯಾಲಯದಲ್ಲಿ ಸಿವಿಲ್ ದಾವೆ ಹೂಡಲು ನ್ಯೂಜೆರ್ಸಿಯಲ್ಲಿ ಇರುವುದು ಎರಡೇ ವರ್ಷ. ರಾಜ್ಯದ ಕಾನೂನಿನಡಿ ಸರ್ಕಾರಿ ಸಂಸ್ಥೆಯಿಂದ ಪರಿಹಾರ ಕೇಳುವುದಾದರೆ 90 ದಿನಗಳೊಳಗೆ ನೋಟಿಸು ಕೊಡಬೇಕು, ಅದರಲ್ಲಿ ಒಂದು ತಿಂಗಳು ಈಗಾಗಲೇ ಕಳೆದಿದೆ. ಸಿವಿಲ್ ದಾವೆಯಲ್ಲಿ ಅಧಿಕಾರಿಯ ಒಳಮನಸ್ಸನ್ನು ಸಾಬೀತುಪಡಿಸುವ ಹೊರೆಯಿಲ್ಲ, ಬಳಸಿದ ಬಲ ಅತಿಯಾಗಿತ್ತೆಂದು ತೋರಿಸಬೇಕು. ಆದರೂ ಅಧಿಕಾರಿಗಳಿಗೆ ನ್ಯಾಯಾಲಯಗಳು ಕೊಟ್ಟಿರುವ ರಕ್ಷಣೆಯೊಂದನ್ನು ಅಲ್ಲೂ ದಾಟಬೇಕಾಗುತ್ತದೆ. ಈ ವಾರವೇ ವಕೀಲರ ಮೂಲಕ ಬಾಡಿ ಕ್ಯಾಮೆರಾ ಮತ್ತು ಕಾರಿನ ಕ್ಯಾಮೆರಾದ ದೃಶ್ಯಗಳನ್ನು ಅಳಿಸದೆ ಇಡಬೇಕೆಂದು ಪೊಲೀಸ್ ಇಲಾಖೆಗೆ ಪತ್ರ ಹೋಗಲಿ. ಆ ರಸ್ತೆಯ ಪೆಟ್ರೋಲ್ ಬಂಕಿನ, ಅಂಗಡಿಯ, ಮನೆಗಳ ಬಾಗಿಲಿನ ಕ್ಯಾಮೆರಾಗಳ ದೃಶ್ಯ ಕೆಲವೇ ವಾರಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ, ಅವನ್ನು ಮೊದಲು ಕೇಳಬೇಕು. ಆಸ್ಪತ್ರೆಯ ದಾಖಲೆಯಲ್ಲಿ ಗಾಯ ಹೇಗಾಯಿತೆಂದು ಅವನು ಅಂದೇ ಹೇಳಿದ ಮಾತು ಬರೆದಿದೆಯೇ ಎಂದು ನೋಡಿಕೊಳ್ಳಲಿ.

ಎಫ್‌ಬಿಐ ಫೋನ್ ಸಂಖ್ಯೆ 1-800-225-5324. ಅದಕ್ಕೆ ಕರೆ ಮಾಡುವ ಮುನ್ನ, ನೆನಪಿರುವುದನ್ನೆಲ್ಲ ಮನೆಯಲ್ಲಿ ಕುಳಿತು ಕನ್ನಡದಲ್ಲೇ ಆಗಲಿ, ಕ್ರಮವಾಗಿ ಬರೆದು ವಕೀಲರಿಗೆ ಕೊಡಲಿ: ಗಂಟೆ, ಜಾಗ, ಆಡಿದ ಮಾತು, ಯಾವ ಕೈ ಹಿಡಿದರು, ಯಾವ ಮಗ್ಗುಲಿಗೆ ಬಿದ್ದ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳಲಿ. ಫೆಡರಲ್ ಏಜೆಂಟರಿಗೆ ಮುಖ್ಯ ಸಂಗತಿಯೊಂದರಲ್ಲಿ ತಿಳಿದೂ ಸುಳ್ಳು ಹೇಳುವುದು ಐದು ವರ್ಷಗಳವರೆಗೆ ಸೆರೆವಾಸ ತರಬಲ್ಲ ಅಪರಾಧ, ವೀಸಾದ ಮೇಲಿರುವವನಿಗೆ ಅದರ ಪೆಟ್ಟು ಇನ್ನೂ ದೊಡ್ಡದು. ಎಚ್‌1ಬಿ ನವೀಕರಣ ಹತ್ತಿರವಿದ್ದರೆ ವಲಸೆ ಕಾನೂನಿನ ವಕೀಲರನ್ನೂ ಒಮ್ಮೆ ಕಂಡು ಬರುವುದು ಒಳ್ಳೆಯದು.